ಕಾಲೇಜಿನ ತಾರಸಿ ಮೇಲೊಂದು ತಂತಿ ಬೇಕು

ಹೋದ ವರ್ಷ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ನಾವಾಗ ಪ್ರಥಮ ಪಿಯುಸಿಯಲ್ಲಿದ್ದೆವು. ಭಾಷಣ, ಮಾದರಿಗಳ ಪ್ರದರ್ಶನ, ಬಹುಮಾನ ಎಲ್ಲ ಮುಗಿದು ಬಹುತೇಕರು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದರು. ಅತಿಥಿಯಾಗಿ ಬಂದಿದ್ದ ಮೈಸೂರಿನ ಹಿರಿಯರೊಬ್ಬರು ಮಾತ್ರ ಕಾಲೇಜಿನ ತಾರಸಿಯಿಂದ ಇನ್ನೂ ಇಳಿದಿರಲಿಲ್ಲ. ಅವರು ಲೈಸೆನ್ಸ್ ಪಡೆದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ನಡೆಸುವವರು. ನೀರಿನ ಟ್ಯಾಂಕಿನ ಪೈಪಿನಿಂದ ಒಂದು ಬಿದಿರು ಗಳಕ್ಕೆ ಹತ್ತು ಮೀಟರ್ ತಂತಿ ಎಳೆದು ಕಟ್ಟಿ, ಅದರ ನಡುವಿನಿಂದ ಕೇಬಲ್ ಇಳಿಸಿ, ಟಿಫಿನ್ ಕ್ಯಾರಿಯರ್‌ನಷ್ಟು ಗಾತ್ರದ ಪೆಟ್ಟಿಗೆಯೊಂದರ ಮುಂದೆ ಕೂತಿದ್ದರು. ಮಳವಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾವು ನಾಲ್ಕೈದು ಹುಡುಗಿಯರು ಸುತ್ತ ನಿಂತೆವು.

ಸಂಜೆ ಐದೂವರೆ ದಾಟಿತ್ತು. ಅವರು ಗುಂಡಿ ತಿರುಗಿಸುತ್ತಿದ್ದವರು ತಟ್ಟನೆ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದರು. ಸ್ಪೀಕರಿನಲ್ಲಿ ಮಳೆ ಸುರಿದಂಥ ಸದ್ದು. ಅದರೊಳಗೆ ಎಲ್ಲೋ ದೂರದಲ್ಲಿ, ತೆಳ್ಳಗೆ, ನಡುಗುತ್ತ, ಟಿ ಟೀ ಟೀ ಟೀ. ಮೋರ್ಸ್ ಸಂಕೇತ. ಅವರು ಕಾಗದದ ಮೇಲೆ ಒಂದೊಂದೇ ಅಕ್ಷರ ಬರೆಯುತ್ತ ಹೋದರು. ಮೊದಲೆರಡು ಅಕ್ಷರ ಜೆ, ಎಕ್ಸ್. ಅಷ್ಟು ಬರೆದವರೇ ತಲೆ ಎತ್ತಿ, “ಯಾನ್ ಮಾಯೆನ್ ಕಣ್ರಮ್ಮಾ! ಆರ್ಕ್ಟಿಕ್!” ಅಂದರು. ಆ ವಯಸ್ಸಿನಲ್ಲಿ ಅವರ ಮುಖದಲ್ಲಿ ಕಂಡ ಖುಷಿ ನನಗೆ ಇವತ್ತಿಗೂ ನೆನಪಿದೆ.

ಅವರು ತಿರುಗಿ ಕೀ ಒತ್ತಿ ಕರೆದರು. ಮತ್ತೆ ಕರೆದರು. ಯುರೋಪು, ಜಪಾನು, ಅಮೆರಿಕ ಎಲ್ಲ ಕಡೆಯಿಂದ ನೂರಾರು ಜನ ಅದೇ ಹೊತ್ತಿಗೆ ಆ ಒಂದು ದ್ವೀಪವನ್ನು ಕರೆಯುತ್ತಿದ್ದರಂತೆ. ಇಪ್ಪತ್ತು ನಿಮಿಷ ಪ್ರಯತ್ನಿಸಿದರು. ಆಮೇಲೆ ಆ ಸದ್ದು ಮಳೆಯೊಳಗೆ ಕರಗಿಹೋಯಿತು. ನಾವು ಅವರನ್ನು ಕೇಳಿದೆವು, ಅವರು ನಮ್ಮನ್ನು ಕೇಳಲಿಲ್ಲ. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ: ನಮ್ಮ ಕಾಲೇಜಿಗೆ ಸ್ವಂತದ್ದೊಂದು ಹವ್ಯಾಸಿ ರೇಡಿಯೊ ಕೇಂದ್ರ ಬೇಕು. ಯಾಕೆ ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು ಆ ದ್ವೀಪದ ವಿಚಾರ. ಯಾನ್ ಮಾಯೆನ್ ನಾರ್ವೆಗೆ ಸೇರಿದ್ದು. ನಾರ್ವೆಗೂ ಗ್ರೀನ್‌ಲ್ಯಾಂಡಿಗೂ ನಡುವೆ, 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉದ್ದ ಸುಮಾರು 54 ಕಿಲೋಮೀಟರ್. ಮದ್ದೂರಿನಿಂದ ಶ್ರೀರಂಗಪಟ್ಟಣಕ್ಕೆ ಇರುವ ದಾರಿಗಿಂತ ಸ್ವಲ್ಪ ಹೆಚ್ಚು. ಒಂದು ತುದಿಯಲ್ಲಿ ಬೇರೆನ್‌ಬರ್ಗ್ ಎಂಬ ಜ್ವಾಲಾಮುಖಿ, 2,277 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನಪಿಸಿಕೊಳ್ಳಿ. ಮೈತುಂಬ ಹಿಮ ಹೊದ್ದ ಆ ಬೆಟ್ಟ 1985ರಲ್ಲೂ ಬೆಂಕಿ ಕಾರಿದೆ. ಅಲ್ಲಿ ಊರಿಲ್ಲ, ಮರವಿಲ್ಲ. 1921ರಲ್ಲಿ ಹವಾಮಾನ ಕೇಂದ್ರವೊಂದು ಶುರುವಾಯಿತು. ಇಂದಿಗೂ ಅಲ್ಲಿರುವವರು ಕೆಲಸದ ಮೇಲೆ ಬಂದ ಇಪ್ಪತ್ತರೊಳಗಿನ ಮಂದಿ ಮಾತ್ರ. ನಾರ್ವೆ ವಾಯುಪಡೆಯ ವಿಮಾನ ಬಂದಾಗಲೇ ಅವರಿಗೆ ಹೊಸ ಮುಖ, ಹೊಸ ತರಕಾರಿ. ಇಂಥದ್ದೇ ಇನ್ನೊಂದು ಕೇಂದ್ರ ಇನ್ನೂ ಉತ್ತರಕ್ಕೆ, 74 ಡಿಗ್ರಿಯಲ್ಲಿರುವ ಬ್ಯೋರ್ನ್‌ಯಾ ದ್ವೀಪದಲ್ಲಿದೆ. ಹೆಸರಿನ ಅರ್ಥ ಕರಡಿ ದ್ವೀಪ.

ಅಲ್ಲಿಯ ಜನ ಮಾಡುವ ಕೆಲಸ ನಮ್ಮ ಬದುಕಿಗೂ ಸಂಬಂಧಪಟ್ಟದ್ದು. ಪ್ರಪಂಚದ ಹವಾಮಾನ ಕೇಂದ್ರಗಳೆಲ್ಲ ಒಂದೇ ಗಡಿಯಾರ ನೋಡುತ್ತವೆ. ಆ ಗಡಿಯಾರದ ಸೊನ್ನೆ ಗಂಟೆ ಮತ್ತು ಹನ್ನೆರಡು ಗಂಟೆಯ ಲೆಕ್ಕಕ್ಕೆ ಬಲೂನು ಹಾರಿಸುತ್ತಾರೆ. ನಮ್ಮಲ್ಲಿ ಅದು ಬೆಳಗಿನ ಐದೂವರೆ, ಸಂಜೆಯ ಐದೂವರೆ. ಬಲೂನಿಗೆ ಕಟ್ಟಿದ ಪುಟ್ಟ ಪೆಟ್ಟಿಗೆಯಲ್ಲಿ ಉಷ್ಣತೆ, ತೇವಾಂಶ ಅಳೆಯುವ ಸಾಧನದ ಜೊತೆಗೆ ಒಂದು ರೇಡಿಯೊ ಟ್ರಾನ್ಸ್‌ಮಿಟರ್ ಇರುತ್ತದೆ. ಮೇಲೇರುತ್ತ ಏರುತ್ತ ಅದು ಅಂಕಿ ಕಳಿಸುತ್ತದೆ. ಯಾನ್ ಮಾಯೆನ್‌ನಿಂದ ಹಾರುವಂಥದ್ದೇ ಬಲೂನು ನಮ್ಮ ಬೆಂಗಳೂರಿನಿಂದ, ಮಂಗಳೂರಿನಿಂದಲೂ ಹಾರುತ್ತದೆ. ಈ ಎಲ್ಲ ಅಂಕಿಗಳು ಒಟ್ಟು ಸೇರಿದಾಗಲೇ ಮುನ್ಸೂಚನೆ. ಕೊಡಗಿನಲ್ಲಿ ಮಳೆ ಹೇಗೆ, ಕನ್ನಂಬಾಡಿಗೆ ನೀರು ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುವ ಮಂಡ್ಯದ ನಮಗೆ ಹವಾಮಾನದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ಆ ದ್ವೀಪದಲ್ಲಿ ಏನು ಮಾಡುವುದು? ಹ್ಯಾಮ್ ಲೈಸೆನ್ಸ್ ಇರುವ ಸಿಬ್ಬಂದಿ ತಂತಿ ಕಟ್ಟಿ ಸೆಟ್ಟಿನ ಮುಂದೆ ಕೂರುತ್ತಾರೆ. ನಾರ್ವೆ ಆ ದ್ವೀಪಕ್ಕೆ ಜೆಎಕ್ಸ್ ಎಂಬ ಪ್ರತ್ಯೇಕ ಕಾಲ್‌ಸೈನ್ ಕೊಟ್ಟಿದೆ. ಹ್ಯಾಮ್‌ಗಳ ಪಟ್ಟಿಯಲ್ಲಿ ಅದು ಬೇರೆಯದೇ ಒಂದು ‘ದೇಶ’. ಹಾಗಾಗಿ ಅಲ್ಲಿಂದ ಯಾರಾದರೂ ಕೀ ಒತ್ತಿದರೆ ಸಾಕು, ಪ್ರಪಂಚವೇ ಮುಗಿಬೀಳುತ್ತದೆ. ಅವರ ಕಷ್ಟವೂ ಕಡಿಮೆಯಲ್ಲ. ಆಕಾಶದಲ್ಲಿ ಹಸಿರು ಬೆಳಕಾಗಿ ಕುಣಿಯುವ ಧ್ರುವಪ್ರಭೆ ಕಣ್ಣಿಗೆ ಚೆಂದ, ರೇಡಿಯೊಗೆ ಶತ್ರು. ಸೂರ್ಯನಿಂದ ಬರುವ ಕಣಗಳು ಧ್ರುವದ ಮೇಲಿನ ಅಯಾನುಗೋಳವನ್ನು ಕದಡಿದಾಗ ಅಲೆಗಳು ಅಲ್ಲೇ ಹೀರಿಹೋಗುತ್ತವೆ. ಅವತ್ತು ನಾವು ಕೇಳಿದ ಸದ್ದು ನಡುಗುತ್ತಿದ್ದುದೂ ಧ್ರುವದ ಆಕಾಶ ಹಾದು ಬಂದದ್ದರಿಂದಲೇ ಎಂದು ಆ ಹಿರಿಯರು ಹೇಳಿದರು. ಮಂಡ್ಯದಿಂದ ಆ ದ್ವೀಪಕ್ಕೆ ಸುಮಾರು 8,500 ಕಿಲೋಮೀಟರ್. ನೇರ ಉತ್ತರಕ್ಕಿಂತ ತುಸು ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಅದೇ ದಿಕ್ಕು.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವವರಿಗೆ ಮೊದಲ ಉತ್ತರ ನಮ್ಮ ಪಠ್ಯಪುಸ್ತಕದಲ್ಲೇ ಇದೆ, ಅಥವಾ ಇತ್ತು. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 15ನೇ ಅಧ್ಯಾಯವಾಗಿ ಸಂವಹನ ವ್ಯವಸ್ಥೆಗಳ ಪಾಠವಿತ್ತು. ರೇಡಿಯೊ ಅಲೆ ಅಯಾನುಗೋಳಕ್ಕೆ ಬಡಿದು ಹೇಗೆ ಹಿಂದಿರುಗುತ್ತದೆ, ಆ್ಯಂಟೆನಾ ಎಷ್ಟು ಉದ್ದ ಇರಬೇಕು ಎಂಬುದೆಲ್ಲ ಅದರಲ್ಲಿತ್ತು. ಹೊರೆ ಕಡಿಮೆ ಮಾಡುವಾಗ ಆ ಅಧ್ಯಾಯವನ್ನೇ ತೆಗೆದರು. ನಮ್ಮ ಅಕ್ಕಂದಿರ ಹಳೆಯ ಪುಸ್ತಕದಲ್ಲಿ ಮಾತ್ರ ಅದು ಸಿಗುತ್ತದೆ. ಆದರೆ ತಾರಸಿ ಮೇಲಿನ ಹತ್ತು ಮೀಟರ್ ತಂತಿ ಆ ಪಾಠವನ್ನು ಒಂದೇ ಸಂಜೆಯಲ್ಲಿ ಕಲಿಸಿತು. ಬೆಳಕಿನ ವೇಗವನ್ನು 14 ಮೆಗಾಹರ್ಟ್ಸ್‌ನಿಂದ ಭಾಗಿಸಿ. ತರಂಗಾಂತರ ಸುಮಾರು 21 ಮೀಟರ್. ಅದರ ಅರ್ಧ ಹತ್ತು ಮೀಟರ್ ಚಿಲ್ಲರೆ. ತಂತಿಯ ಉದ್ದ ಅಷ್ಟೇ ಯಾಕೆ ಎಂಬುದು ಅವತ್ತು ನನಗೆ ಹೊಳೆದಾಗ ಆದ ಸಂತೋಷ ಯಾವ ಅಂಕಪಟ್ಟಿಯಿಂದಲೂ ಆಗಿಲ್ಲ.

ಇನ್ನು ಮನೆಯ ವಿಚಾರ. ಈ ಲೇಖನ ಬರೆಯಲು ನಿಜವಾದ ಕಾರಣ ಅದೇ.

ಹ್ಯಾಮ್ ಲೈಸೆನ್ಸಿನ ಪರೀಕ್ಷೆಗೆ 12 ವರ್ಷ ತುಂಬಿದ ಯಾರೂ ಕೂರಬಹುದು. ನಾನು ಅರ್ಜಿಯ ವಿವರಗಳನ್ನೆಲ್ಲ ತಿಳಿದುಕೊಂಡು, ಒಂದು ರಾತ್ರಿ ಊಟವಾದ ಮೇಲೆ ಅಬ್ಬಾನ ಮುಂದೆ ಇಟ್ಟೆ. ನನಗಿನ್ನೂ 18 ಆಗಿಲ್ಲ. ಅವರು ಒಪ್ಪದೆ ಹೆಜ್ಜೆ ಇಡುವ ಹಾಗಿಲ್ಲ. ಅಬ್ಬಾ ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವವರು, ಬೆಳಗಿನ ಜಾವ ಎದ್ದು ಹೋಗುವವರು. ನನ್ನ ಓದಿಗೆ ಯಾವತ್ತೂ ಬೇಡ ಅಂದವರಲ್ಲ. ಕಾಗದವನ್ನು ಪೂರ್ತಿ ಓದಿದರು. ಆಮೇಲೆ ಹೇಳಿದರು: “ಬೇಟಾ, ನಿನಗಿದು ಪಾಠ. ನೋಡೋರಿಗೆ ಬೇರೇನೋ. ನಮ್ಮ ಮನೆ ಮೇಲೆ ವೈರ್‌ಲೆಸ್ ತಂತಿ ನೋಡಿ ಯಾರೋ ಒಬ್ಬ ಒಂದು ಫೋನ್ ಮಾಡಿದ್ರೆ ಸಾಕು. ಆಮೇಲೆ ನಾನು ಲೈಸೆನ್ಸ್ ಹಿಡ್ಕೊಂಡು ಎಲ್ಲೆಲ್ಲಿ ಅಲೀಲಿ?”

ನನಗೆ ಸಿಟ್ಟು ಬಂತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಯೋಚಿಸಿದಷ್ಟೂ, ಅಬ್ಬಾನ ಮಾತು ಸುಮ್ಮನೆ ಹುಟ್ಟಿದ್ದಲ್ಲ ಅನ್ನಿಸಿತು. ನಮ್ಮ ಜಿಲ್ಲೆಯ ಹೆಸರು ಇತ್ತೀಚಿನ ವರ್ಷಗಳಲ್ಲಿ ಟಿವಿಯಲ್ಲಿ ಯಾವ ಯಾವ ಕಾರಣಕ್ಕೆ ಬಂತು ಎಂಬುದು ನಮಗೆಲ್ಲ ಗೊತ್ತು. ಮಾರ್ಕೆಟ್ಟಿನಲ್ಲಿ ಎಲ್ಲರ ಜೊತೆ ಚೆನ್ನಾಗಿರುವ ಮನುಷ್ಯನೂ ಮನೆಯ ಮೇಲೆ ಒಂದು ತಂತಿ ಕಟ್ಟುವ ಮೊದಲು ನಾಲ್ಕು ಸಲ ಯೋಚಿಸುತ್ತಾನೆ.

ರೇಡಿಯೊ ಇತಿಹಾಸ ಓದುತ್ತಿದ್ದಾಗ ನನಗೆ ಸಿಕ್ಕಿದ ಒಂದು ಕಥೆ ಅಬ್ಬಾನ ಪರವಾಗಿಯೇ ಸಾಕ್ಷಿ ಹೇಳುತ್ತದೆ. 1928ರ ಮೇ 25ರಂದು ಇಟಲಿಯ ನೋಬಿಲೆ ಎಂಬವರ ‘ಇಟಾಲಿಯ’ ಎಂಬ ವಾಯುನೌಕೆ ಉತ್ತರ ಧ್ರುವದಿಂದ ಹಿಂದಿರುಗುವಾಗ ಸ್ವಾಲ್‌ಬಾರ್ಡ್‌ನ ಉತ್ತರಕ್ಕೆ ಹಿಮದ ಮೇಲೆ ಬಿದ್ದಿತು. ಬದುಕುಳಿದವರ ಬಳಿ ಒಂದು ಚಿಕ್ಕ ತುರ್ತು ಟ್ರಾನ್ಸ್‌ಮಿಟರ್ ಇತ್ತು. ಬಿಯಾಜಿ ಎಂಬ ರೇಡಿಯೊ ಆಪರೇಟರ್ ದಿನವೂ ಎಸ್‌ಒಎಸ್ ಕಳಿಸಿದರು. ಅವರಿಗಾಗಿ ಕಾಯುತ್ತಿದ್ದ ಹಡಗಿಗೆ ಅದು ಕೇಳಲಿಲ್ಲ. ಜೂನ್ 3ರಂದು ಅದನ್ನು ಹಿಡಿದವನು ರಷ್ಯಾದ ಒಳನಾಡಿನ ಹಳ್ಳಿಯೊಂದರ ಯುವಕ, ನಿಕೊಲಾಯ್ ಶ್ಮಿಟ್. ಕೈಯಾರೆ ಜೋಡಿಸಿದ ರಿಸೀವರ್ ಅವನದು. ಅವನು ಕೊಟ್ಟ ಸುದ್ದಿಯಿಂದ ಹುಡುಕಾಟ ಸರಿದಾರಿಗೆ ಬಂತು. ಜುಲೈ 12ರಂದು ಕ್ರಾಸಿನ್ ಎಂಬ ಹಿಮಭೇದಕ ಹಡಗು ಉಳಿದವರನ್ನು ಎತ್ತಿಕೊಂಡಿತು. ಹಳ್ಳಿ ಹುಡುಗ ದೇಶಕ್ಕೇ ಹೀರೊ ಆದ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಶ್ಮಿಟ್‌ನನ್ನು ದೇಶದ್ರೋಹದ ಆರೋಪದ ಮೇಲೆ ಹಿಡಿದರು. 1942ರಲ್ಲಿ ಗುಂಡಿಟ್ಟು ಕೊಂದರು. ಆರೋಪ ಸುಳ್ಳೆಂದು ಸರ್ಕಾರ ಒಪ್ಪಿದ್ದು ಹಲವು ದಶಕಗಳ ಮೇಲೆ. ಹೆಸರು ಜರ್ಮನರದ್ದು, ಕೈಯಲ್ಲಿ ರೇಡಿಯೊ. ಆ ಕಾಲಕ್ಕೆ ಅಷ್ಟು ಸಾಕಾಗಿತ್ತೇನೋ. ಇದನ್ನು ಓದಿದ ರಾತ್ರಿ ನಾನು ಅಬ್ಬಾನ ಬಳಿ ಹೋಗಿ ಕೂತೆ. ಕಥೆ ಹೇಳಲಿಲ್ಲ, ಸುಮ್ಮನೆ ಕೂತೆ.

ಹಾಗಾದರೆ ಭಯವೇ ಸರಿ, ತಂತಿ ಬೇಡ ಎಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಹವ್ಯಾಸಿ ರೇಡಿಯೊದ ನಿಯಮಗಳನ್ನು ಒಮ್ಮೆ ಓದಿ ನೋಡಿ. ಇದಕ್ಕಿಂತ ಬಯಲಿನ ಮಾತು ಬೇರೊಂದಿಲ್ಲ. ಗುಪ್ತಭಾಷೆ ಬಳಸುವಂತಿಲ್ಲ, ಎಲ್ಲರಿಗೂ ಅರ್ಥವಾಗುವ ಮಾತೇ ಆಗಬೇಕು. ಮಾತಿನ ನಡುವೆ ನಿಮ್ಮ ಕಾಲ್‌ಸೈನ್ ಹೇಳುತ್ತಿರಬೇಕು. ಭಾರತದ್ದು ವಿಯು ಎಂದು ಶುರುವಾಗುತ್ತದೆ. ಯಾರ ಜೊತೆ, ಎಷ್ಟು ಗಂಟೆಗೆ, ಯಾವ ತರಂಗದಲ್ಲಿ ಮಾತಾಡಿದಿರಿ ಎಂದು ಪುಸ್ತಕದಲ್ಲಿ ಬರೆದಿಡಬೇಕು. ದುಡ್ಡಿನ ವ್ಯವಹಾರಕ್ಕೆ ಬಳಸುವಂತಿಲ್ಲ. ಆ ತರಂಗ ತಿರುಗಿಸಿದ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ನಮ್ಮ ಜೇಬಿನ ಮೊಬೈಲಿನಲ್ಲಿ ನಡೆಯುವ ಗುಟ್ಟಿನ ಮಾತಿಗೂ ಇದಕ್ಕೂ ಅಜಗಜಾಂತರ. ಪರಸ್ಪರ ಕೇಳುವುದೂ ಮೂರೇ ಸಂಗತಿ: ನನ್ನ ಸಿಗ್ನಲ್ ಹೇಗಿದೆ, ನಿಮ್ಮ ಹೆಸರೇನು, ಯಾವ ಊರು.

ಬಯಲಿನ ಮಾತಿಗೆ ಜಾಗವೂ ಬಯಲಿನದ್ದೇ ಇರಬೇಕು ಎಂಬುದು ನನ್ನ ವಾದ. ಯಾನ್ ಮಾಯೆನ್‌ನ ಆಪರೇಟರನ್ನು ಯಾರೂ ಅನುಮಾನಿಸುವುದಿಲ್ಲ. ಅವನು ಒಳ್ಳೆಯವನು ಎಂದಷ್ಟೇ ಅಲ್ಲ. ಅವನ ಹಿಂದೆ ಒಂದು ಕೇಂದ್ರವಿದೆ, ಬೋರ್ಡಿದೆ, ಜೊತೆಗಾರರಿದ್ದಾರೆ. ಒಬ್ಬ ವಿದ್ಯಾರ್ಥಿನಿಯ ಮನೆಯ ಮೇಲಿನ ತಂತಿ ನೆರೆಯವರಿಗೆ ಪ್ರಶ್ನೆಯಾದೀತು. ಕಾಲೇಜಿನ ತಾರಸಿಯ ಮೇಲೆ, ‘ಹವ್ಯಾಸಿ ರೇಡಿಯೊ ಕ್ಲಬ್’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದ ಬೋರ್ಡಿನ ಕೆಳಗಿರುವ ತಂತಿ ಪಾಠವಾಗುತ್ತದೆ. ಬೇರೆ ಕಾಲೇಜಿನವರನ್ನೂ, ಬಡಾವಣೆಯ ಹಿರಿಯರನ್ನೂ ಕರೆದು ಹೆಡ್‌ಫೋನ್ ಕೊಟ್ಟು ಕೇಳಿಸಬಹುದು. ನಮ್ಮ ಹಿರಿಯರು ಈ ಕಾಲೇಜನ್ನು ಕಟ್ಟಿದ್ದು, ಒಬ್ಬೊಬ್ಬರ ಮನೆಯಿಂದ ಆಗದ್ದು ಎಲ್ಲರೂ ಸೇರಿದರೆ ಆಗುತ್ತದೆ ಎಂದಲ್ಲವೇ?

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ನನ್ನ ತರಗತಿಯವರೇ ಕೇಳಿದ್ದಾರೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅನುಮತಿಗಾಗಿ ವರ್ಷಗಟ್ಟಲೆ ಓಡಾಡಿ, ಕೊನೆಗೆ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋದರು. ಉದ್ದೇಶ ನಮ್ಮ ಯಾನ್ ಮಾಯೆನ್ ಕಥೆಯದ್ದೇ: ಅಪರೂಪದ ದ್ವೀಪದಿಂದ ಪ್ರಪಂಚದ ಜೊತೆ ಮಾತಾಡುವುದು. ಡಿಸೆಂಬರ್ 26ರ ಬೆಳಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನ್ ಸತ್ತಿತು. ಹವ್ಯಾಸಕ್ಕೆಂದು ಕಟ್ಟಿದ್ದ ಆ ಕೇಂದ್ರ ಅಂದಿನಿಂದ ದ್ವೀಪದ ಜನರ ಸುದ್ದಿಯನ್ನು ಹೊರಗೆ ಮುಟ್ಟಿಸುವ ದಾರಿಯಾಯಿತು. ಅದನ್ನು ನಡೆಸಿದ್ದು ಒಬ್ಬ ಹೆಣ್ಣುಮಗಳು ಎಂಬುದನ್ನು ನಮ್ಮ ಹುಡುಗಿಯರು ಗಮನಿಸಬೇಕು. ಅಪಾಯ ಬಂದ ದಿನ ಕಲಿಯಲು ಆಗುವುದಿಲ್ಲ. ಅದಕ್ಕೆ ಮೊದಲೇ ಕಲಿತವರು ಊರಿನಲ್ಲಿ ಇರಬೇಕು.

ಇದು ನಮ್ಮ ನೆಲಕ್ಕೆ ಹೊರಗಿನ ಶೋಕಿಯೂ ಅಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ತಂತಿ ಎಳೆದು ದೂರ ಮುಟ್ಟುವುದು ಈ ಸೀಮೆಗೆ ಹೊಸದಲ್ಲ. ಪಕ್ಕದ ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಆ ಕೇಂದ್ರದಿಂದ. ಒಬ್ಬ ಮೇಷ್ಟ್ರ ಹವ್ಯಾಸ ಇಡೀ ದೇಶದ ರೇಡಿಯೊಗೆ ಹೆಸರು ಕೊಟ್ಟಿತು. 2005ರ ಮೇ 5ರಂದು ಇಸ್ರೊ ಹ್ಯಾಮ್‌ಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹಾರಿಸಿತು. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಮಾಡಿದ್ದು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ.

ಆರ್ಕ್ಟಿಕ್‌ಗೂ ನಮ್ಮವರು ಹೋಗಿದ್ದಾರೆ. ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರವಿದೆ. 2023ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಚಳಿಗಾಲದ ಕತ್ತಲಲ್ಲಿ ಅಲ್ಲಿಗೆ ಹೊರಟ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅವರ ಕೆಲಸ ಅಲ್ಲಿನ ರೇಡಿಯೊ ಪರಿಸರ ಎಷ್ಟು ನಿಶ್ಶಬ್ದವಾಗಿದೆ ಎಂದು ಅಳೆಯುವುದು. ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ಸದ್ದು ಕೇಳಲು ಅಂಥ ನಿಶ್ಶಬ್ದ ಬೇಕು. ಇದೇ ಸಂಸ್ಥೆಯ ‘ಸರಸ್’ ಎಂಬ ಉಪಕರಣ 2020ರಲ್ಲಿ ನಮ್ಮ ಶರಾವತಿ ಹಿನ್ನೀರಿನ ಮೇಲೂ ತೇಲುತ್ತ ಅದೇ ಸದ್ದಿಗಾಗಿ ಕಿವಿಗೊಟ್ಟಿತ್ತು. ಅವತ್ತು ತಾರಸಿ ಮೇಲೆ ಉಸಿರು ಬಿಗಿಹಿಡಿದು ನಾವು ಮಾಡಿದ್ದೂ ಇದನ್ನೇ, ಚಿಕ್ಕ ಪ್ರಮಾಣದಲ್ಲಿ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ, ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ನಮ್ಮ ಅಧ್ಯಾಪಕರಲ್ಲಿ ಒಬ್ಬರಾದರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಲಿ. ಆಮೇಲೆ ಕಾಲೇಜಿನ ಹೆಸರಿನಲ್ಲೇ ಕ್ಲಬ್ಬಿಗೆ ಅರ್ಜಿ ಹಾಕಬಹುದು. ಸೆಟ್ ಕೊಳ್ಳಲು ದುಡ್ಡು ಬೇಕು, ನಿಜ. ಹಳೆಯದಾದರೂ ಆದೀತು, ಹಳೆಯ ವಿದ್ಯಾರ್ಥಿಗಳನ್ನು ಕೇಳಬಹುದು. ತಂತಿಗೆ, ಗುಡುಗಿನ ಕಾಲಕ್ಕೆ ಬೇಕಾದ ಅರ್ಥಿಂಗಿಗೆ ಹೆಚ್ಚು ಖರ್ಚಿಲ್ಲ. ಅಲ್ಲಿಯವರೆಗೆ ಒಂದು ಸಾಧಾರಣ ಶಾರ್ಟ್‌ವೇವ್ ರೇಡಿಯೊ ಇದ್ದರೆ ಕೇಳುವ ಅಭ್ಯಾಸ ಮಾಡೋಣ. ಸಮಯ ಸಂಜೆ ಆರರೊಳಗೆ ಮುಗಿಯಲಿ. ಮಳವಳ್ಳಿ, ಮದ್ದೂರಿನ ಹುಡುಗಿಯರು ಕತ್ತಲಾಗುವ ಮೊದಲು ಬಸ್ ಹತ್ತಬೇಕು.

ಈ ಯೋಚನೆಯನ್ನು ಅಬ್ಬಾನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಲೇಜಲ್ಲಿ, ಮೇಷ್ಟ್ರ ಮುಂದೆ ಆದ್ರೆ ಮಾಡು. ಸಹಿ ಹಾಕ್ತೀನಿ” ಅಂದರು. ಆಮೇಲೆ ಅವರಾಗಿಯೇ ಕೇಳಿದರು, “ಆ ದ್ವೀಪದಲ್ಲಿ ಎಳನೀರು ಸಿಗಲ್ಲ ಅಲ್ವಾ?”

ಅಂದು ಕಟ್ಟಿದ ಬಿದಿರು ಗಳ ಇನ್ನೂ ನೀರಿನ ಟ್ಯಾಂಕಿನ ಪಕ್ಕದಲ್ಲೇ ಬಿದ್ದಿದೆ. ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಹಾಳೆ ಇಟ್ಟಿದ್ದೇನೆ. ಸೇರಬೇಕೆನ್ನುವವರು ಹೆಸರು ಬರೆಯಿರಿ. ಕಲಾ ವಿಭಾಗ, ವಾಣಿಜ್ಯ ವಿಭಾಗದವರೂ ಬನ್ನಿ. ಮೋರ್ಸ್ ಕಲಿಯಲು ವಿಜ್ಞಾನ ಬೇಕಿಲ್ಲ, ಕಿವಿ ಸಾಕು. ಮೊದಲ ಹೆಸರು ನನ್ನದೇ ಇದೆ. ಮುಂದಿನ ಮಾರ್ಚಿಗೆ ನಾನು ಈ ಕಾಲೇಜು ಬಿಟ್ಟಿರುತ್ತೇನೆ. ಆ ದ್ವೀಪ ಮತ್ತೆ ಕರೆದಾಗ ಇಲ್ಲಿಂದ ಉತ್ತರ ಕೊಡುವವರು ಯಾರಾದರೂ ಇರಲಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ